ಕಿವಿಗೂ ಗಂಡು ಹೆಣ್ಣೆಂಬುದುಂಟೆ?

ಸಿನಿಮಾಕ್ಕೆ ಶಬ್ದ ಕೂರಿಸುವುದು ಗಂಡಸರ ಉದ್ಯೋಗ ಎನ್ನುವವರೊಡನೆ ನನಗೆ ಬಹಳ ದಿನಗಳಿಂದ ಜಗಳವಿದೆ. ಅಕ್ಕನ ಮಗಳು ಆ ವಿದ್ಯೆ ಕಲಿಯುತ್ತೇನೆ ಎಂದಾಗಲಂತೂ ಜಗಳ ಮನೆಯೊಳಗೇ ಬಂತು. "ಅದು ಮಷೀನಿನ ಕೆಲಸ, ಹುಡುಗಿಯರಿಗೆ ಹೇಳಿಸಿದ್ದಲ್ಲ" ಎಂದರು ಭಾವ. ಮಿಕ್ಸಿ, ಗ್ರೈಂಡರು, ವಾಷಿಂಗ್ ಮಷೀನು ಇವೆಲ್ಲ ಮಷೀನಲ್ಲದೆ ಮತ್ತೇನು? ಅವುಗಳ ಮುಂದೆ ನಿಲ್ಲುವಾಗ ನಮ್ಮ ಹೆಣ್ತನ ಯಾರಿಗೂ ಅಡ್ಡ ಬರುವುದಿಲ್ಲ. ಸಂಬಳ ತರುವ ಮಷೀನಿನ ಮುಂದೆ ಮಾತ್ರ ಬರುತ್ತದೆ!

ಚಿತ್ರೀಕರಣದಲ್ಲಿ ಹಿಡಿದ ಮಾತು, ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ ಹೆಜ್ಜೆಸಪ್ಪಳ, ಸೀರೆಯ ಸರಭರ, ಮಳೆ, ಬಸ್ಸು, ಸಂಗೀತ – ಇವುಗಳಲ್ಲಿ ಯಾವುದು ಎಷ್ಟು ಕೇಳಬೇಕು, ಎಲ್ಲಿ ಎಲ್ಲವೂ ಸುಮ್ಮನಾಗಬೇಕು ಎಂದು ನಿರ್ಧರಿಸುವವರು ಸೌಂಡ್ ಡಿಸೈನರ್. 1979ರ 'ಅಪೊಕ್ಯಾಲಿಪ್ಸ್ ನೌ' ಚಿತ್ರದಲ್ಲಿ ವಾಲ್ಟರ್ ಮರ್ಚ್ ಅವರ ಹೆಸರಿನೊಡನೆ ಬಂದ ಮೇಲೆ ಈ ಬಿರುದಿಗೆ ಬೆಲೆ ಬಂತು.

ಈಗ ಹೇಳಿ, ಈ ಕೆಲಸಕ್ಕೆ ಬೇಕಾದ ಕಿವಿ ಯಾರದು? ಸಾಸಿವೆ ಸಿಡಿಯುವುದನ್ನು ಕೇಳಿಯೇ ಉರಿ ತಗ್ಗಿಸುವವರು ನಾವು. ಧಾರಾವಾಹಿ ನೋಡುತ್ತಲೇ ಕುಕ್ಕರಿನ ಮೂರನೆಯ ಕೂಗನ್ನು ಎಣಿಸುವವರು ನಾವು. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಹಸಿವಿನ ಅಳುವೋ, ಇರುವೆ ಕಚ್ಚಿದ ಅಳುವೋ ಎಂದು ಎದ್ದು ನೋಡದೆಯೇ ಹೇಳುತ್ತೇವೆ. ಇನ್ನು ಆ ಸ್ಟುಡಿಯೋದೊಳಗಿನ ಸಾಮಾನು ನೋಡಿ. ಹಿಮದ ಮೇಲೆ ನಡೆದ ಸದ್ದಿಗೆ ಕಾರ್ನ್‌ಫ್ಲೋರ್ ತುಂಬಿದ ಚೀಲ ಹಿಸುಕುತ್ತಾರೆ. ಕುದುರೆ ಓಡಿದರೆ ತೆಂಗಿನ ಚಿಪ್ಪು. ಹಿಚ್‌ಕಾಕ್‌ನ 'ಸೈಕೋ' (1960) ಚಿತ್ರದಲ್ಲಿ ಎದೆ ನಡುಗಿಸುವ ಆ ಚೂರಿ ಇರಿತದ ಸದ್ದು ಬಂದದ್ದು ಕರಬೂಜದ ಜಾತಿಯ ಹಣ್ಣಿಗೆ ಚಾಕು ಹಾಕಿ! ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗಿ ಒಳಗಿಟ್ಟುಕೊಂಡು, ಅಡುಗೆಮನೆಯವಳನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅದು ಯಾವ ನ್ಯಾಯ?

ನಮ್ಮ ದೇಶಕ್ಕೆ ಈ ಉದ್ಯೋಗದ ಪರಿಚಯ ಮಾಡಿಸಿದವರು ರಸೂಲ್ ಪೂಕುಟ್ಟಿ. ಕೇರಳದ ಕೊಲ್ಲಂ ಜಿಲ್ಲೆಯ ಹಳ್ಳಿಯವರು. 1995ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಂದರು. 2005ರಲ್ಲಿ 'ಬ್ಲ್ಯಾಕ್' ಚಿತ್ರಕ್ಕೆ ದುಡಿದರು. ಕಣ್ಣು ಕಾಣದ, ಕಿವಿ ಕೇಳದ ಹುಡುಗಿಯೊಬ್ಬಳ ಕಥೆಗೆ ಶಬ್ದ ಹೊಂದಿಸುವುದೆಂದರೆ ಹುಡುಗಾಟವೇ? 2009ರ ಫೆಬ್ರವರಿಯಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರಕ್ಕಾಗಿ ಇಬ್ಬರು ಸಹೋದ್ಯೋಗಿಗಳೊಡನೆ ಆಸ್ಕರ್ ಪಡೆದರು. ಓಂಕಾರದ ಹಿಂದೆಯೂ ಮುಂದೆಯೂ ಮೌನವಿದೆ ಎಂದು ಅವರು ಆ ವೇದಿಕೆಯಲ್ಲಿ ಹೇಳಿದ್ದನ್ನು ಜಗತ್ತೇ ಕೇಳಿತು. (ಮೌನದ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬಿಡಿ.) ಅಂದು ನಮ್ಮ ಭಾವನೂ ಎಲ್ಲರಿಗೂ ಸಿಹಿ ಹಂಚಿದ್ದರು. ಕೇರಳದ ಹುಡುಗ ಮಾಡಿದರೆ ಸಿಹಿ, ತಮ್ಮ ಮಗಳು ಕೇಳಿದರೆ ಕಹಿ.

ರಾತ್ರಿ ಕೆಲಸವಂತೆ. ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವವರು ಯಾರು? ಮೈಕು ಕಟ್ಟಿದ ಉದ್ದನೆಯ ಕೋಲನ್ನು ಗಂಟೆಗಟ್ಟಲೆ ಎತ್ತಿ ಹಿಡಿಯಬೇಕಂತೆ. ಸೊಂಟದಲ್ಲೊಂದು ಕೊಡ, ಕಂಕುಳಲ್ಲೊಂದು ಮಗು ಹೊತ್ತು ನಡೆದವರ ಮುಂದೆ ಹೇಳುವ ಮಾತೇ ಇದು? ಆದರೆ ಭಾವ ಹೇಳಿದ್ದರಲ್ಲಿ ಒಂದು ನಿಜ: ಇದು ತಿಂಗಳ ಸಂಬಳದ ಕೆಲಸವಲ್ಲ. ಒಂದು ಚಿತ್ರ ಮುಗಿದರೆ ಇನ್ನೊಂದು ಸಿಗುವವರೆಗೆ ಕಾಯಬೇಕು. ಆ ಭಯ ಗಂಡುಮಕ್ಕಳಿಗೂ ಇದೆ. ಅವರನ್ನೇನೂ ನಾವು ಮನೆಯಲ್ಲಿ ಕೂರಿಸಿಲ್ಲವಲ್ಲ.

ಹಾಲಿವುಡ್ಡೂ ಈ ವಿಷಯದಲ್ಲಿ ದೊಡ್ಡ ಧರ್ಮರಾಯನಲ್ಲ. ಆಸ್ಕರ್ ಶುರುವಾದದ್ದು 1929ರಲ್ಲಿ. ಶಬ್ದ ಸಂಕಲನಕ್ಕೆ ಅದು ಮೊದಲ ಬಾರಿ ಹೆಂಗಸಿನ ಕೈ ಸೇರಿದ್ದು 1985ರಲ್ಲಿ, 'ದಿ ರಿವರ್' ಚಿತ್ರಕ್ಕಾಗಿ ಕೇ ರೋಸ್ ಅವರಿಗೆ. ಕೇ ರೋಸ್‌ಗಿಂತ ಮೊದಲು ಹೆಂಗಸರಿಗೆ ಕಿವಿ ಇರಲಿಲ್ಲವೇ?

ಮುಂದಿನ ಸಲ ಟಾಕೀಸಿಗೆ ಹೋದಾಗ, ಚಪ್ಪಲಿ ಹುಡುಕಿಕೊಂಡು ಏಳುವ ಮುನ್ನ ಎರಡು ನಿಮಿಷ ಕೂತಿರಿ. ದೀಪ ಹಾಕಿ ಗದರಿಸಿದರೂ ಸರಿ, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೀರಿ. ಶಬ್ದ ವಿಭಾಗದ ಹೆಸರುಗಳು ಬಂದಾಗ ಅದರಲ್ಲಿ ಹೆಂಗಸರೆಷ್ಟು ಎಂದು ಎಣಿಸಿ, ಪಕ್ಕದಲ್ಲಿ ಕೂತ ಯಜಮಾನರಿಗೂ ಕೇಳುವಂತೆ ಸ್ವಲ್ಪ ಗಟ್ಟಿಯಾಗಿಯೇ ಎಣಿಸಿ.