ಚಾಳೀಸು ಪಿಕೆಪಿಎಸ್‌ನಲ್ಲೇ ಸಿಗಲಿ

ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗುವುದು ರೋಗವಲ್ಲ, ವಯಸ್ಸು. ಗೋಕಾಕದಲ್ಲಿ ಮರದ ಗೊಂಬೆಗೆ ಬಣ್ಣ ಹಚ್ಚುವವರಿಗೂ, ಮೂಡಲಗಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರಿಗೂ, ಹುಕ್ಕೇರಿಯಲ್ಲಿ ಜೋಳ ಹಸನು ಮಾಡುವ ತಾಯಂದಿರಿಗೂ ಅದು ತಪ್ಪಿದ್ದಲ್ಲ. ಬೇಕಿರುವುದು ಪ್ಲಸ್ 1ರಿಂದ 3ರ ನಡುವಿನ ಒಂದು ಸಿದ್ಧ ಕನ್ನಡಕ, ಅಂದರೆ ಚಾಳೀಸು. ಅದನ್ನು ಊರಲ್ಲೇ, ಆಶಾ ಕಾರ್ಯಕರ್ತೆಯ ಕೈಯಿಂದ ಕೊಡಿಸಿ ಎಂದರೆ ಆಕ್ಷೇಪ ಏಳುತ್ತದೆ: ತಜ್ಞರು ನೋಡದೆ ಕೊಟ್ಟರೆ ಗ್ಲಾಕೋಮಾದಂಥ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಆ ಆತಂಕ ಸುಳ್ಳಲ್ಲ. ಗ್ಲಾಕೋಮಾ ಮೊದಮೊದಲು ಸುಳಿವೇ ಕೊಡುವುದಿಲ್ಲ. ಆದರೆ ಚಾಳೀಸು ತಡೆದಿಟ್ಟ ಮಾತ್ರಕ್ಕೆ ಅದು ಪತ್ತೆಯಾಗುತ್ತದೆಯೇ? ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗಲಾರದವರು ಕನ್ನಡಕ, ತಪಾಸಣೆ ಎರಡನ್ನೂ ಕಳೆದುಕೊಳ್ಳುತ್ತಾರೆ. ಚಾಳೀಸಿನ ನೆಪದಲ್ಲಾದರೂ ಕಣ್ಣು ತೋರಿಸಲು ಬಂದವರಲ್ಲಿ ದೂರದ ನೋಟ ಮಂಜಾದವರನ್ನು, ಸಕ್ಕರೆ ಕಾಯಿಲೆಯವರನ್ನು ಆಶಾ ಕಾರ್ಯಕರ್ತೆ ಅಂದೇ ಆಸ್ಪತ್ರೆಗೆ ಕಳಿಸಬಲ್ಲಳು. ನಂಬರು ತುಸು ಹೆಚ್ಚುಕಡಿಮೆಯಾದರೆ ತಲೆ ನೋಯಬಹುದು, ಕಣ್ಣು ಕೆಡುವುದಿಲ್ಲ. ಮಕ್ಕಳ ಮಾತು ಬೇರೆ. ಅವರಿಗೆ ಪೂರ್ಣ ಪರೀಕ್ಷೆ ಆಗಲೇಬೇಕು.

ನಮ್ಮ ಭಾಗದಲ್ಲಿ ಕಣ್ಣಿನ ಶಿಬಿರವೆಂದರೆ ನೆನಪಾಗುವವರು ಬೀಳಗಿಯ ಡಾ. ಎಂ.ಸಿ. ಮೋದಿ. ಊರೂರು ತಿರುಗಿ ಲಕ್ಷಾಂತರ ಜನರಿಗೆ ಬೆಳಕು ಕೊಟ್ಟ ಪುಣ್ಯಾತ್ಮರು. ಪೊರೆಗೆ ಶಿಬಿರ ಒಪ್ಪುತ್ತದೆ, ತೆಗೆದರೆ ಮುಗಿಯಿತು. ಚಾಳೀಸು ಹಾಗಲ್ಲ. ನಲವತ್ತೆರಡರಲ್ಲಿ ಪ್ಲಸ್ 1 ಸಾಕಾದವರಿಗೆ ಐವತ್ತೈದಕ್ಕೆ 2 ಬೇಕಾಗುತ್ತದೆ. ನಡುವೆ ಕಬ್ಬಿನ ಹೊಲದಲ್ಲಿ ಬಿದ್ದು ಮುರಿಯುತ್ತದೆ. ನಾಯಕರ ಹುಟ್ಟುಹಬ್ಬಕ್ಕೆ ಹಂಚಿ, ಫೋಟೊ ತೆಗೆಸಿಕೊಂಡು ಹೋದರೆ ಮುರಿದ ಮರುದಿನ ಯಾರ ಬಾಗಿಲು ತಟ್ಟಬೇಕು? ರಾಜ್ಯ ಸರ್ಕಾರದ ‘ಆಶಾಕಿರಣ’ ಮನೆಬಾಗಿಲಲ್ಲಿ ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ಯೋಜನೆ. ದಿಕ್ಕು ಸರಿಯಾಗಿದೆ, ಆದರೆ ಒಂದು ಸುತ್ತು ಬಂದು ಹೋದರೆ ಸಾಲದು.

ಇದು ದಾನದ ಮಾತೂ ಅಲ್ಲ, ದುಡಿಮೆಯ ಮಾತು. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರ ಮೇಲೆ ನಡೆದ ಅಧ್ಯಯನ 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು: ಓದುಗನ್ನಡಕ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ. 21.7ರಷ್ಟು ಹೆಚ್ಚು ಏರಿತ್ತು. ಇಂಥ ವಸ್ತುವಿನ ಮೇಲೆ 2025ರ ಸೆಪ್ಟೆಂಬರ್‌ವರೆಗೂ ಶೇ. 12 ಜಿಎಸ್‌ಟಿ ಇತ್ತು. ಈಗ ಶೇ. 5ಕ್ಕೆ ಇಳಿದಿದೆ, ಅದೂ ಹೋಗಬೇಕು.

ಹುಕ್ಕೇರಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿ ಹಳ್ಳಿಗಳಿಗೆ ಕರೆಂಟು ಮುಟ್ಟಿಸಿದ ತಾಲ್ಲೂಕು. ಅದೇ ಸೀಮೆಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು (ಪಿಕೆಪಿಎಸ್) ಗೊಬ್ಬರ, ಬೀಜದ ಪಕ್ಕದಲ್ಲಿ ನಾಲ್ಕೈದು ನಂಬರಿನ ಚಾಳೀಸು ಇಡಲಾರವೇ? ಬೆಳಗಾವಿ ಜಿಲ್ಲಾಡಳಿತ ಆಶಾ ಕಾರ್ಯಕರ್ತೆಯರಿಗೆ ತರಬೇತಿಯನ್ನೂ ತಕ್ಕ ಗೌರವಧನವನ್ನೂ ಕೊಟ್ಟು, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಂದಲೇ ಕೆಲಸ ಶುರು ಮಾಡಲಿ.