ಕಾರ್ಡು ಪೆಟ್ಟಿಗೆಯಲ್ಲಿತ್ತು, ಗದ್ದೆ ಮಾರಾಟವಾಯಿತು

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ.

ನಾಲ್ಕು ವರ್ಷದ ಹಿಂದೆ ಹಚ್ಚೊಳ್ಳಿಯಲ್ಲಿರುವ ನನ್ನ ಸೋದರಮಾವನ ಮಗನಿಗೆ ಗದ್ದೆಯ ಬದುವಿನ ಮೇಲೆ ನಡೆದರೆ ಎದೆ ಹಿಡಿದಂತಾಗುತ್ತಿತ್ತು. ಎರಡು ತಿಂಗಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ನನಗೆ ಫೋನ್ ಮಾಡಿ, "ಭಾವ, ಏನು ಮಾಡ್ಲಿ?" ಎಂದು ಕೇಳಿದ. ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು. ನನ್ನ ಆಸ್ಪತ್ರೆ ಬಿಲ್ಲು ಇಲಾಖೆಯಿಂದ ಮರುಪಾವತಿ ಆಗುತ್ತಿತ್ತು. ಅದೇ ಧಾಟಿಯಲ್ಲಿ, "ಸರ್ಕಾರಿ ಆಸ್ಪತ್ರೆಗೆ ಅಲೆಯಬೇಡ, ನನಗೆ ಗೊತ್ತಿರೋ ಕಡೆ ನೇರ ಹೋಗು" ಎಂದೆ. ಆಪರೇಷನ್ ಚೆನ್ನಾಗಿಯೇ ಆಯಿತು, ಜೀವ ಉಳಿಯಿತು. ಆದರೆ ಆ ಆಸ್ಪತ್ರೆ ಸರ್ಕಾರದ ಯೋಜನೆಯ ಪಟ್ಟಿಯಲ್ಲಿರಲಿಲ್ಲ. ಬಿ.ಪಿ.ಎಲ್. ಕಾರ್ಡು ಮನೆಯ ಪೆಟ್ಟಿಗೆಯಲ್ಲಿತ್ತು. ಎರಡು ಎಕರೆ ಗದ್ದೆ ಕೈಬಿಟ್ಟಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಇಂದಿಗೂ ಚುಚ್ಚುತ್ತದೆ.

ನಿವೃತ್ತಿಯಾದ ಮೇಲೆ ಈ ಲೆಕ್ಕವನ್ನು ಓದಲು ಕುಳಿತೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ಒಂದು ಮಾತು ತೋರಿಸಿಕೊಟ್ಟರು: ಕಾಯಿಲೆ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು, ಬಂದಾಗ ಏನು ಬೇಕೆಂದು ರೋಗಿಗೆ ಗೊತ್ತಿರುವುದಿಲ್ಲ, ಚಿಕಿತ್ಸೆ ಕೊಡುವವರೇ ಹೇಳಬೇಕು. ಹಾಗಾಗಿ ಇದು ಸಂತೆಯ ವ್ಯಾಪಾರದಂತಲ್ಲ. ನಮ್ಮ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ, ಎಸ್ಟಿಮೇಟ್ ಮಾಡುವವನೂ, ಕೆಲಸ ಮಾಡುವವನೂ, ಎಂ.ಬಿ. ಬರೆಯುವವನೂ ಒಬ್ಬನೇ. ವೈದ್ಯರು ಕೆಟ್ಟವರೆಂದು ಇದರರ್ಥವಲ್ಲ. ಎಷ್ಟೇ ಒಳ್ಳೆಯ ಗುತ್ತಿಗೆದಾರನಾದರೂ ನಾವು ಎಂ.ಬಿ. ಪುಸ್ತಕವನ್ನು ಅವನ ಕೈಗೆ ಕೊಡುವುದಿಲ್ಲ, ಅಷ್ಟೇ.

ಪರಿಹಾರವನ್ನು ದೂರ ಹುಡುಕಬೇಕಿಲ್ಲ. 2003ರಲ್ಲಿ ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ ಬಂದಾಗ ವಂತಿಗೆ ತಿಂಗಳಿಗೆ ಐದು ರೂಪಾಯಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಬಂದದ್ದು ನಮ್ಮ ಉತ್ತರ ಭಾಗಕ್ಕೆ. ಬಿ.ಪಿ.ಎಲ್. ಕುಟುಂಬಕ್ಕೆ ವಂತಿಗೆಯೇ ಇಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ರೋಗಗಳಿಗೆ ಉಚಿತ ಚಿಕಿತ್ಸೆ. ಪ್ರತಿ ಚಿಕಿತ್ಸೆಗೂ ಮೊದಲೇ ಕಟ್ಟಿದ ದರ, ನಮ್ಮ ಎಸ್.ಆರ್. ಇದ್ದ ಹಾಗೆ. ದಕ್ಷಿಣದ ಜಿಲ್ಲೆಗಳಿಗೆ ಅದು ತಡವಾಗಿ ಹೋಯಿತು. ಆ ತಡವನ್ನೇ ಬಳಸಿಕೊಂಡು ಸಂಶೋಧಕರು ಗಡಿಯ ಈಚೆ ಆಚೆಯ 572 ಹಳ್ಳಿಗಳನ್ನು ಹೋಲಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಸಾವು, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ದೊಡ್ಡ ಆಸ್ಪತ್ರೆ ಸೇರಿದಾಗ ಕೈಯಿಂದ ಹಾಕುವ ಹಣವೂ ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಹಣದ ಭಯ ಹೋದರೆ ಜನ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗುತ್ತಾರೆ, ಬದುಕುತ್ತಾರೆ.

2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆಯಿದೆ. ಆದರೆ ದೊಡ್ಡ ಚಿಕಿತ್ಸೆಗೆ, ತುರ್ತು ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಈ ಒಂದು ಮೆಟ್ಟಿಲನ್ನೇ ನಾನು ದಾಟಿಸಿಬಿಟ್ಟಿದ್ದೆ. ಜೊತೆಗೆ ಇಂಥ ಯೋಜನೆಗಳು ಹಾಸಿಗೆ ಹಿಡಿದವನಿಗೆ ಆಸರೆ. ದಿನವೂ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಲ್ಲ. ಬಡವರ ಕಿಸೆ ಆ ಮಾತ್ರೆಗಳಿಂದಲೂ ಸೋರುತ್ತದೆ.

"ಸರ್ಕಾರಿ ಆಸ್ಪತ್ರೆಯನ್ನು ನಂಬುವುದು ಹೇಗೆ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು, ಅವರಿಗೆ ಏರಿಸಿದ ಗ್ಲೂಕೋಸ್‌ನಂಥ ದ್ರಾವಣದ ಮೇಲೆ ಸಂಶಯ ಬಿದ್ದದ್ದನ್ನು ಯಾರೂ ಮರೆತಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ಕಡಿಯಿತು. ನಾವು ಅಣೆಕಟ್ಟನ್ನು ಬಿಟ್ಟು ಓಡಲಿಲ್ಲ. ಗೇಟು ಕೂರಿಸಿ, ಉಳಿದ ಗೇಟುಗಳ ತಪಾಸಣೆ ಮಾಡಿ ಎಂದು ಪಟ್ಟು ಹಿಡಿದೆವು. ಆಸ್ಪತ್ರೆಯ ವಿಷಯದಲ್ಲೂ ಅದೇ ಪಟ್ಟು ಬೇಕು. ಉಳ್ಳವರು ಬಿಟ್ಟುಹೋದ ಆಸ್ಪತ್ರೆಯನ್ನು ಕೇಳುವವರೇ ಇರುವುದಿಲ್ಲ.

ಮಠಗಳಲ್ಲಿ ನನ್ನ ಬಿನ್ನಹ ಇಷ್ಟು. ತಿಂಗಳ ಶಿವಾನುಭವ ಗೋಷ್ಠಿಯ ದಿನ ಒಂದು ಗಂಟೆ ಆರೋಗ್ಯ ಕಾರ್ಡಿನ ನೋಂದಣಿಗೆ ಕೊಡಿ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳ ಹೆಸರನ್ನು ದಾಸೋಹದ ಬಾಗಿಲಲ್ಲಿ ಬರೆಸಿ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ, ಮೂವತ್ತು ದಾಟಿದ ಎಲ್ಲ ಜಾತಿಯವರಿಗೂ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿ. ಆಸ್ಪತ್ರೆ, ಮೆಡಿಕಲ್ ಕಾಲೇಜು ನಡೆಸುವ ಮಠಗಳು ತಮ್ಮ ದರಪಟ್ಟಿಯನ್ನು ಕನ್ನಡದಲ್ಲಿ ಹೊರಗೆ ಹಾಕಲಿ. ಅನ್ನದಷ್ಟೇ ತಿಳಿವಳಿಕೆಯೂ ದಾಸೋಹವೇ. ಇದಕ್ಕೆ ಜಾತ್ರೆಯ ಒಂದು ದಿನದ ಪಟಾಕಿಯ ಖರ್ಚೂ ಬೀಳದು.

ನನ್ನ ಮಾವನ ಮಗ ಈಗ ಆರೋಗ್ಯವಾಗಿದ್ದಾನೆ. ತಾನು ಮಾರಿದ ಗದ್ದೆಯನ್ನೇ ಪಾಲಿಗೆ ಮಾಡುತ್ತಿದ್ದಾನೆ. ಅವನಂಥವನು ನಿಮ್ಮೂರಲ್ಲೂ ಇರುತ್ತಾನೆ. ಅವನು ಫೋನ್ ಮಾಡುವ ಮೊದಲೇ ನೀವು ಅವನ ಮನೆಗೆ ಹೋಗಿ, ಕಾರ್ಡು ಎಲ್ಲಿದೆ ಎಂದು ಕೇಳಿ.