ಬಿಲ್ಲು ಸೊನ್ನೆ ಬಂದರೂ ಮೀಟರ್ ನೋಡಿ

ಕನಕಪುರದ ಮನೆಮನೆಯವರಲ್ಲಿ ಒಂದು ಕೋರಿಕೆ. ಬೇಸಿಗೆ ಏರುವ ಮುಂಚೆ ನಿಮ್ಮ ಮನೆಯ ಕರೆಂಟ್ ಬಳಕೆಯನ್ನು ಒಮ್ಮೆ ತಪಾಸಣೆ ಮಾಡಿಸಿ.

2023ರಲ್ಲಿ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಬೆಸ್ಕಾಂ ಚೀಟಿಯನ್ನು ಓದುವವರೇ ಕಡಿಮೆಯಾಗಿದ್ದಾರೆ. ಹಣ ಕಟ್ಟುವುದಿಲ್ಲ ನಿಜ, ಆದರೆ ಎಷ್ಟು ಯೂನಿಟ್ ಖರ್ಚಾಯಿತು ಎಂಬುದು ಅದರಲ್ಲಿ ಇದ್ದೇ ಇರುತ್ತದೆ. ನಿಮ್ಮ ಹಳೆಯ ಸರಾಸರಿ ನೋಡಿ ಸರ್ಕಾರ ಗೊತ್ತುಮಾಡಿದ ಮಿತಿ ಮೀರಿದರೆ ಹೆಚ್ಚಾದಷ್ಟಕ್ಕೆ ದುಡ್ಡು ತೆರಬೇಕು. 200 ಯೂನಿಟ್ ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಹಗಲೂ ರಾತ್ರಿ ಫ್ಯಾನ್ ತಿರುಗುವ ಏಪ್ರಿಲ್‌ನಲ್ಲಿ ಈ ಗೆರೆ ದಾಟಿದ್ದೇ ತಿಳಿಯುವುದಿಲ್ಲ.

ತಪಾಸಣೆ ಎಂದರೆ ಹೆದರಬೇಡಿ. ಲೈಸೆನ್ಸ್ ಇರುವ, ನಿಮಗೆ ನಂಬಿಕೆಯ ಎಲೆಕ್ಟ್ರಿಷಿಯನ್ ಒಬ್ಬರು ಸಾಕು. ಒಂದು ವರ್ಷದ ಬಿಲ್ಲುಗಳನ್ನು ಜೋಡಿಸಿಡಿ. ಬಂದವರು ಮೊದಲು ಅದನ್ನೇ ಕೇಳಬೇಕು. ಕೇಳದೆ ನೇರವಾಗಿ ಹೊಸ ಸಾಮಾನು ಮಾರಲು ನಿಂತರೆ ನಯವಾಗಿ ಕಳಿಸಿಬಿಡಿ.

ಆಮೇಲೆ ಒಂದೊಂದೇ ಸಾಮಾನಿನ ವಾಟ್ ಬರೆದುಕೊಂಡು, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಕೇಳುತ್ತಾರೆ. ಲೆಕ್ಕ ಕಷ್ಟದ್ದಲ್ಲ. 75 ವಾಟ್‌ನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟ್ ಎಳೆಯುವ 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 11 ಯೂನಿಟ್ ಸಾಕು. 2000 ವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಕಾದರೆ ತಿಂಗಳಿಗೆ 30 ಯೂನಿಟ್. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡುತ್ತಾರೆ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ ಎಂದರ್ಥ. ಫ್ರಿಜ್ ಬದಲಿಸುವುದು ಬೇಡ, ರಬ್ಬರ್ ಬದಲಿಸಿದರೆ ಆಯಿತು.

ನಾನು ಒತ್ತಿ ಹೇಳಬೇಕೆಂದಿರುವುದು ಕೊನೆಯ ಪರೀಕ್ಷೆಯ ಬಗ್ಗೆ. ಮೇನ್ ಆನ್ ಇರಲಿ. ಯುಪಿಎಸ್, ಫ್ರಿಜ್, ಟಿವಿ, ಮೋಟರ್ ಎಲ್ಲದರ ಪ್ಲಗ್ ತೆಗೆಸಿ, ಎಲ್ಲ ಸ್ವಿಚ್ ಆರಿಸಿ, ಮೀಟರಿನಲ್ಲಿ ಮಿನುಗುವ ಕೆಂಪು ದೀಪ ನೋಡಿ. ಆಗಲೂ ಅದು ಮಿನುಗುತ್ತಲೇ ಇದ್ದರೆ ಕರೆಂಟ್ ಎಲ್ಲೋ ಹೋಗುತ್ತಿದೆ. ಹಿತ್ತಿಲ ಕೊಟ್ಟಿಗೆಗೆ ಎಂದೋ ಎಳೆದ ವೈರ್ ಇರಬಹುದು, ಸಂಪಿನ ಬಳಿ ಸಿಪ್ಪೆ ಸುಲಿದ ಕೇಬಲ್ ಇರಬಹುದು. ಮಳೆಗಾಲದಲ್ಲಿ ಅದೇ ಜೀವ ತೆಗೆಯುತ್ತದೆ. ನೀವೇ ಕೈಹಾಕಬೇಡಿ, ಎಲೆಕ್ಟ್ರಿಷಿಯನ್ನೇ ಹುಡುಕಲಿ. ಅರ್ಥಿಂಗ್ ಸರಿಯಿದೆಯೇ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗುತ್ತದೆಯೇ ಎಂಬುದನ್ನೂ ಅವರಿಂದಲೇ ನೋಡಿಸಿ. ಮೀಟರಿನ ಮೇಲೆಯೇ ಅನುಮಾನವಿದ್ದರೆ ಬೆಸ್ಕಾಂನ 1912ಕ್ಕೆ ಹೇಳಿ.

ತಪಾಸಣೆ ಮುಗಿಸಿದವರು ಏನನ್ನು ಇವತ್ತೇ ಸರಿಮಾಡಬೇಕು, ಯಾವುದು ಕಾಯಬಹುದು ಎಂದು ಬರೆದುಕೊಡಬೇಕು. ಅಪಾಯದ ವೈರ್ ಮೊದಲು, ಫ್ಯಾನ್ ಆಮೇಲೆ.

ಮನೆ ಬಾಡಿಗೆಗೆ ಕೊಟ್ಟಿರುವ ಮಾಲೀಕರಲ್ಲಿ ಇನ್ನೊಂದು ಮಾತು. ಬಿಲ್ಲು ಬಾಡಿಗೆಯವರದಾದರೂ ಗೋಡೆಯೊಳಗಿನ ವೈರ್ ನಿಮ್ಮದು. ಅವರು ತಪಾಸಣೆಗೆ ಕೇಳಿದಾಗ ಬೇಡವೆನ್ನಬೇಡಿ. ರಿಪೇರಿ ಖರ್ಚನ್ನು ನೀವೇ ಕೊಡಿ.